ಕೆಂಪು ಬಾವುಟದಾಚೆಯ ಚಿಪ್ಪುಮೀನು

ಪುಟ್ಟಿಗೆ,

ವಾಂತಿಭೇದಿಯೆಂದು ಅಮ್ಮನನ್ನು ನಿನ್ನೆ ಆಸ್ಪತ್ರೆಗೆ ಸೇರಿಸಿದೆ. ಈಗ ಪರವಾಗಿಲ್ಲ, ಗಾಬರಿಯಾಗಬೇಡ. ಪತ್ರದ ಜೊತೆ ಕಳಿಸಿರುವ ಡಬ್ಬಿಯಲ್ಲಿ ಅವಳು ತಿಂದು ಉಳಿದ ಚಿಪ್ಪುಮೀನಿದೆ, ಮಂಜುಗಡ್ಡೆ ಹಾಕಿದ್ದೇನೆ. ನಿನ್ನ ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಯಾವ ರೋಗಾಣು ಎಂದು ಡಾಕ್ಟರಿಗೆ ಫೋನ್ ಮಾಡು. ಆರಿಸಿದವರು ಯಾರೆಂದು ಕೇಳಿದರೆ ನನ್ನ ಹೆಸರನ್ನೇ ಬರೆ.

ಕಡಲಿಗೆ ಚರಂಡಿ ನೀರು ಸೇರಿದೆಯೆಂದು ನೀನು ಕೆಂಪು ಬಾವುಟ ನೆಡಿಸಿದ ಕಡೆಯೇ ಆರಿಸಿದ್ದು. ಇಪ್ಪತ್ತು ವರ್ಷ ಆ ನೀರಿನಲ್ಲಿ ಸೊಂಟದವರೆಗೆ ನಿಂತವಳು ನಾನು. ನೀನು ಒಂದು ದಿನ ಬಂದು ನಾಲ್ಕು ಬಾಟಲಿ ತುಂಬಿಕೊಂಡು ಹೋದೆ. ಅಂದಿನಿಂದ ಅಮ್ಮನದು ಒಂದೇ ಮಾತು: "ಪುಟ್ಟಿ ಬೇಡ ಅಂದಿದಾಳೆ. ಓದಿದೋಳು, ಅವಳಿಗೆ ಗೊತ್ತಿರುತ್ತೆ."

ನನಗೆ ಹೊಟ್ಟೆ ಉರಿಯಿತು. ಬೇರೆ ದಡದ್ದು ಎಂದು ಸುಳ್ಳು ಹೇಳಿ, ಅವಳಿಗಿಷ್ಟವೆಂದು ಅರ್ಧ ಮಾತ್ರ ಬೇಯಿಸಿ ಬಡಿಸಿದೆ. "ಎಷ್ಟು ದಿನ ಆಯ್ತೇ ನಿನ್ನ ಕೈರುಚಿ ತಿಂದು!" ಎಂದು ಎರಡು ಸಲ ಹಾಕಿಸಿಕೊಂಡಳು. ನಾನೂ ತಿಂದೆ. ನನಗೇನೂ ಆಗಲಿಲ್ಲ.

ಅವಳಿಗೆ ಇನ್ನೂ ಹೇಳಿಲ್ಲ. ಬೆಳಿಗ್ಗೆ ಮಂಪರಿನಲ್ಲಿ ನನ್ನ ಕೈ ಹಿಡಿದು, "ಪುಟ್ಟಿ, ಬಂದ್ಯಾ?" ಎಂದಳು.

ನಾನು "ಹೂಂ" ಎಂದೆ.

ಬೇಗ ಬಾ.

ನಿನ್ನ ಅಕ್ಕ