ಹಿಂದಿನ ಬ್ಯಾಟರಿಗೆ ಮೆತ್ತಿದ ಭಂಡಾರ

ಸಿದ್ರಾಮ,

ನಾ ಚಿಂಚೋಳಿ ಎಂಐಡಿಸಿ ಫ್ಯಾಕ್ಟರಿ ಬಸ್ಸಿಗಿ ಕೆಲಸಕ್ಕ ಹೊಂಟೀನಿ. ರೊಟ್ಟಿ ಡಬ್ಬಿಯೊಳಗ ಅದಾವ. ಮೊದಲ ಉಣ್ಣು, ಆಮ್ಯಾಲ ಅಪ್ಪನ ವ್ಯಾನಿಗಿ ಕೈ ಹಚ್ಚು.

ಗ್ಯಾರೇಜಿನಾಂವನ ಮಾತು ಕೇಳಿ ಹೊಸ ಡೈನಮೋ ತರಬ್ಯಾಡ. ಅಂವ ಮೀಟರ್ ಹಚ್ಚಲಾರದ ಹೇಳ್ಯಾನ. ನಿನ್ನಿ ನಾ ಗಾಡಿ ಚಾಲೂ ಇಟ್ಟು ಹಚ್ಚಿ ನೋಡೀನಿ. ಮುಂದಿನ ಬ್ಯಾಟರಿ ಹದಿನಾಕು ವೋಲ್ಟ್ ತೋರಿಸ್ತು. ಅಪ್ಪ ಮಲಗತಿದ್ದ ಕಡೆ ಲೈಟು, ಫ್ಯಾನಿಂದು ಐತಲ್ಲ, ಆ ಹಿಂದಿನ ಬ್ಯಾಟರಿ ಹನ್ನೆರಡರ ಮ್ಯಾಲ ಏರಲಿಲ್ಲ. ಫ್ಯೂಜೂ ಛಲೋ ಐತಿ. ಕರೆಂಟು ಹಿಂದ ಮುಟ್ಟವಲ್ದು, ಅಷ್ಟ.

ಅದರ ವಾಯರಿನ ಕ್ಲಾಂಪ್ ಬಿಚ್ಚಿದ್ರ ಒಳಗ ಪೂರಾ ಭಂಡಾರ, ದೇವರ ಅರಿಷಿಣ. ಪ್ರತಿ ವರ್ಷ ದಸರಾದ ಖಂಡೇಪೂಜಿಗಿ ಅಪ್ಪ ಕ್ಲಾಂಪ್ ಸಡ್ಲ ಮಾಡಿ, ಬೀರೋಬಾ ದೇವರ ಹೆಸರ್ಲೆ ಎಣ್ಣಿ ಭಂಡಾರ ಮೆತ್ತಿ ಬಿಗೀತಿದ್ದ. ಅದ ಕಲ್ಲಿನಂಗ ಕೂತು ಕರೆಂಟು ತಡದೈತಿ. ಈಗ ಯಾರಿಗಿ ಬೈಯೂದು?

ಪ್ಲಸ್ ಕಡೀದು ಪಾಲಿಶ್ ಪೇಪರ್ಲೆ ತಿಕ್ಕಿ ಬಿಗಿದೀನಿ. ಮೈನಸ್ ಬಿಚ್ಚಿ ಇಟ್ಟೀನಿ, ಅದನ್ನ ನೀ ತಿಕ್ಕಿ ಹಾಕು. ಬಿಗಿಯೂ ಮುಂದ ಬೆರಳಿನ ಉಂಗುರ ಕಳಿ. ಆಮ್ಯಾಲ ಗಾಡಿ ಚಾಲೂ ಮಾಡಿ ಮೀಟರ್ ಹದಿಮೂರೂವರಿ ದಾಟತೈತೇನು ನೋಡು. ದಾಟಿದ್ರ ಇವತ್ತ ವಾಗದರಿಗಿ ಹೋಗು. ಅಪ್ಪ ತೀರಿಹೋಗಿ ಹದಿನೆಂಟು ದಿನ ಆತು, ಅಲ್ಲಿ ಕಾಕಾ ಒಬ್ಬನ ಕುರಿ ಕಾಯಾಕತ್ಯಾನ.

ಅರ್ಧಾ ಯಾಕ ಬಿಟ್ಟಿ ಅಂತ ಫೋನ್ ಮಾಡಬ್ಯಾಡ. ಮೈನಸ್ ಕಡೆ ಭಂಡಾರದ ಮ್ಯಾಲ ಅಪ್ಪ ಒತ್ತಿದ ಹೆಬ್ಬಟ್ಟು ಹಂಗ ಮೂಡಿ ಐತಿ. ನನಗ ಅಳೂ ಬರಲಿಲ್ಲ, ಅದನ್ನ ತಿಕ್ಕಾಕ ಕೈನೂ ಏಳಲಿಲ್ಲ.

ನೀ ತಿಕ್ಕು.

ಅಕ್ಕ