ನಾಲ್ಕು ಬಾಟಲಿ ನೀರು

ಕ್ಲಿನಿಕ್ಕಿನಿಂದ,
ಗುರುವಾರ, ಅಕ್ಟೋಬರ್ 16

ನನ್ನ ಬಂಗಾರದ ಅಕ್ಕನಿಗೆ, ಈ ಬಾಯಿಬಡುಕಿಯ ಒಂದು ರಾಶಿ ಅಪ್ಪುಗೆ.

ಮೂರು ದಿನದಿಂದ ನೀನು ಫೋನ್ ಮಾಡುತ್ತಿದ್ದೀಯ, ನಾನು ಎತ್ತುತ್ತಿಲ್ಲ. ಬೈಯಬೇಡ. ಹದಿನೈದು ವರ್ಷ ನರ್ಸ್ ಕೆಲಸ ಮಾಡಿದವಳು ನೀನು, ನನ್ನ ಉಸಿರು ಕೇಳಿಯೇ ಎಲ್ಲ ಹಿಡಿದುಬಿಡುತ್ತೀಯ. ಕಾಗದದಲ್ಲಿ ಆ ಭಯವಿಲ್ಲ. ಹಲ್ಲಿನ ಡಾಕ್ಟರು ಊಟಕ್ಕೆ ಹೋಗಿದ್ದಾರೆ, ಕುರ್ಚಿಗಳೆಲ್ಲ ಖಾಲಿ, ಅಪಾಯಿಂಟ್‌ಮೆಂಟ್ ಪುಸ್ತಕದ ಹಿಂದಿನ ಹಾಳೆಗಳನ್ನು ಹರಿದು ಬರೆಯುತ್ತಿದ್ದೇನೆ.

ಮೊದಲು ಇದನ್ನು ಬರೆದುಬಿಡುತ್ತೇನೆ: ನಾನು ತುಂಬಾ ತುಂಬಾ ಸುಖವಾಗಿದ್ದೇನೆ. ಮದುವೆಯಾಗಿ ಐದು ತಿಂಗಳಾದರೂ ಇವರು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಈಗಲೂ ಓಡಿಹೋಗಿ ಕನ್ನಡಿ ನೋಡಿಕೊಳ್ಳುತ್ತೇನೆ. ಊರೆಲ್ಲ ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ತಾನು ಮಾತ್ರ ಲಿಫ್ಟ್ ಹತ್ತುವುದಿಲ್ಲ. ಕೇಳಿದರೆ, "ಅದರ ಹೊಟ್ಟೇಲಿ ಏನಿದೆ ಅಂತ ನಂಗೆ ಗೊತ್ತಲ್ಲ, ಅದಕ್ಕೇ" ಅನ್ನುತ್ತಾರೆ. ಇಂಥವರ ಮೇಲೆ ಪ್ರೀತಿ ಉಕ್ಕದೆ ಇರುತ್ತದೆಯೇ?

ಆದರೆ ಒಂದು ಸಣ್ಣ ತುಂಟತನದ ವಿಷಯ ನಿನಗೆ ಹೇಳಬೇಕು. ಸಣ್ಣದು ಅಂತಲೇ ಶುರು ಮಾಡಿದ್ದೆ.

ಬರುವ ಭಾನುವಾರ ಇವರಿಗೆ ಎಂಬತ್ತು ಕಿಲೋಮೀಟರಿನ ಓಟವಿದೆ ಎಂದು ಹೇಳಿದ್ದೆನಲ್ಲ, ಅದಕ್ಕಾಗಿ ಜುಲೈಯಿಂದ ಇವರು ಅನ್ನ ಬಿಟ್ಟರು. ಅನ್ನ, ಬ್ರೆಡ್, ಆಲೂಗಡ್ಡೆ, ಬಾಳೆಹಣ್ಣು, ಸಕ್ಕರೆ, ಎಲ್ಲ. ಬೆಣ್ಣೆ, ಚೀಸ್, ಮೊಟ್ಟೆ, ಕಡಲೆಬೀಜ, ಸೊಪ್ಪು, ಅಷ್ಟೇ. ಪಿಷ್ಟ ಸಿಗದಿದ್ದರೆ ದೇಹ ತನ್ನ ಕೊಬ್ಬನ್ನೇ ಉರಿಸಲು ಕಲಿಯುತ್ತದಂತೆ. "ಒಂದ್ಸಲ ಒಗ್ಗಿಬಿಟ್ರೆ ಮುಗೀತು, ದಾರೀಲಿ ಏನೂ ತಿನ್ನದೆ ಸಂಜೆವರೆಗೂ ಓಡ್ಬಹುದು" ಎಂದು ಮಲಗಿದ್ದಾಗಲೂ ಅದೇ ಮಾತು. ಹೊಸ ಕುಕ್ಕರನ್ನು ಮಂಚದ ಕೆಳಗೆ ಇಟ್ಟೆ. ಒಬ್ಬಳಿಗೇ ಅನ್ನ ಮಾಡಿಕೊಳ್ಳಲು ಮನಸ್ಸು ಬರುತ್ತಿರಲಿಲ್ಲ. ಮಧ್ಯಾಹ್ನ ಇಲ್ಲಿ ಕ್ಲಿನಿಕ್ಕಿನಲ್ಲಿ ಒಂದು ಬನ್ನು ತಿಂದು, ಮನೆಗೆ ಹೋಗುವ ಮುಂಚೆ ಬಾಯಿ ತೊಳೆದುಕೊಳ್ಳುತ್ತಿದ್ದೆ.

ಮನೆ ಮಂಕಾಗಿಬಿಟ್ಟಿತು, ಅಕ್ಕ. ಇವರ ಕೈ ಯಾವಾಗಲೂ ತಣ್ಣಗೆ. ಬಾಯಲ್ಲಿ ಉಗುರಿನ ಬಣ್ಣ ಅಳಿಸುವ ದ್ರಾವಣದಂಥ ವಾಸನೆ. ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ನನಗೇ ಪ್ರಶ್ನೆ ಮರೆತಿರುತ್ತಿತ್ತು. ಒಂದು ದಿನ ಲಿಫ್ಟಿನ ಡಬ್ಬಿಯ ಮೇಲೆ ನಿಂತು ಹಗ್ಗಕ್ಕೆ ಎಣ್ಣೆ ಬಿಡುವಾಗ ತಲೆ ಸುತ್ತಿ, ಕಂಬಿ ಹಿಡಿದುಕೊಂಡರಂತೆ. ಇವರು ನನಗೆ ಹೇಳಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವವರು ಹೇಳಿದರು.

ಭಾನುವಾರದ ದೂರದ ಓಟಕ್ಕೆ ಸ್ಕೂಟರಿನಲ್ಲಿ ನೀರು ಹೊತ್ತುಕೊಂಡು ಹೋಗುವುದು ನನ್ನ ಕೆಲಸ. ನಾಲ್ಕು ಬಾಟಲಿ, ನಿಂಬೆರಸ, ಉಪ್ಪು. ಆಗಸ್ಟ್ ಎರಡನೇ ಭಾನುವಾರ ಇಪ್ಪತ್ತನಾಲ್ಕನೇ ಕಿಲೋಮೀಟರಿನ ಹತ್ತಿರ ಕಾದೆ, ಕಾದೆ, ಬರಲಿಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಗೋಡೌನಿನ ಗೋಡೆಗೆ ಮುಖ ಮಾಡಿ ಚರಂಡಿ ಕಟ್ಟೆಯ ಮೇಲೆ ಕೂತಿದ್ದರು. ಅಳುತ್ತಿದ್ದರು. "ನೋಡ್ಬೇಡ, ಆ ಕಡೆ ತಿರುಗು" ಅಂದರು. ನಾನು ತಿರುಗಿ ನಿಂತೆ.

ಮರುದಿನ ಕ್ಲಿನಿಕ್ಕಿನ ಕೆಳಗಿನ ಔಷಧಿ ಅಂಗಡಿಯಲ್ಲಿ ವಿಚಾರಿಸಿದೆ. ಊಟ ಸೇರದ ರೋಗಿಗಳಿಗೆ ನೀರಿನಲ್ಲಿ ಕದಡಿ ಕೊಡುವ ಒಂದು ಬಿಳಿ ಪುಡಿ ಇದೆ, ನಿನಗೆ ಗೊತ್ತಿರುತ್ತದೆ. ಪೂರ್ತಿ ಪಿಷ್ಟವೇ, ಆದರೆ ಸಿಹಿ ಗೊತ್ತಾಗುವುದಿಲ್ಲ. "ಯಾರಿಗಮ್ಮ, ಅಜ್ಜಿಗಾ?" ಎಂದು ಅಂಗಡಿಯವರು ಕೇಳಿದರು. ಹೂಂ ಎಂದೆ. ಬಾಟಲಿಗೆ ಆರು ಚಮಚ. ನಿಂಬೆ ಉಪ್ಪಿನಲ್ಲಿ ರುಚಿ ಅಡಗಿಹೋಯಿತು.

ಮುಂದಿನ ಭಾನುವಾರ ಇವರು ಹಾರಿದರು, ಅಕ್ಕ. ನಲವತ್ತು ಕಿಲೋಮೀಟರ್ ಮುಗಿಸಿ ನನ್ನನ್ನು ನಡುರಸ್ತೆಯಲ್ಲಿ ಎತ್ತಿ ಸುತ್ತಿಸಿದರು. "ಒಗ್ಗಿತು ಕಣೇ, ಒಗ್ಗಿಬಿಡ್ತು!" ಆ ಮುಖ ನೀನು ನೋಡಬೇಕಿತ್ತು. ಆ ಮುಖಕ್ಕೆ ನಾನು ಏನೆಂದು ಹೇಳಲಿ? ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರವೂ ಆರಾರು ಚಮಚ ಹಾಕಿದೆ. ಹೀಗೆ ಒಂಬತ್ತು ಭಾನುವಾರ.

ಇಷ್ಟಕ್ಕೇ ನಿಂತಿದ್ದರೆ ತುಂಟತನವೇ ಆಗಿರುತ್ತಿತ್ತು. ಆದರೆ ಇವರ ಜೊತೆ ಓಡುವವರೆಲ್ಲ ಇವರನ್ನು ನೋಡಿ ಬೆರಗಾದರು. ಅವರಲ್ಲಿ ದರ್ಜಿಯಣ್ಣ ಒಬ್ಬರು. ಐವತ್ತು ದಾಟಿದವರು, ನನ್ನನ್ನು ಮಗಳೇ ಎನ್ನುವವರು, ನನ್ನ ಯೂನಿಫಾರ್ಮಿನ ಸೊಂಟ ಬಿಚ್ಚಿ ಹೊಲಿದುಕೊಡುವಾಗ "ಸಂಸಾರ ಒಗ್ಗುತ್ತಾ ಇದೆ" ಎಂದು ರೇಗಿಸಿದವರು. ಅವರೂ ಅನ್ನ ಬಿಟ್ಟರು. ಇವರೇ ಕೂರಿಸಿಕೊಂಡು ಪಟ್ಟಿ ಬರೆದುಕೊಟ್ಟರು. ಅವರ ಬಾಟಲಿಯಲ್ಲಿ ಬರೀ ನಿಂಬೆ, ಉಪ್ಪು. ಕಳೆದ ಭಾನುವಾರ ಮೂವತ್ತನೇ ಕಿಲೋಮೀಟರಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ. ದರ್ಜಿಯ ಬಲಗೈ, ಅಕ್ಕ.

ಸೋಮವಾರ ನೋಡಲು ಹೋದೆವು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಶಾಲೆ ಅಂಗಿಗಳ ರಾಶಿ. ಇವರು ಕುರ್ಚಿ ಎಳೆದುಕೊಂಡು ಕೂತರು. ಬಯ್ಯುವ ದನಿಯಲ್ಲ, ಮೇಷ್ಟ್ರ ದನಿ. "ದರ್ಜಿಯಣ್ಣ, ನಿಜ ಹೇಳಿ. ಮಧ್ಯೆ ಎಲ್ಲೋ ಬ್ರೆಡ್ಡೋ ಬಿಸ್ಕತ್ತೋ ತಿಂದಿದ್ದೀರ. ದೇಹಕ್ಕೆ ಒಗ್ಗೋಕೇ ಬಿಟ್ಟಿಲ್ಲ ನೀವು."

"ಇಲ್ಲಪ್ಪ, ಒಂದು ಅಗುಳು ಮುಟ್ಟಿಲ್ಲ."

"ಹಾಗಾದ್ರೆ ನಂಗ್ಯಾಕೆ ಹೀಗಾಗ್ಲಿಲ್ಲ? ನಾನೂ ಅದನ್ನೇ ತಾನೆ ತಿನ್ನೋದು?"

ಅವರ ಹೆಂಡತಿ ಅಡುಗೆಮನೆ ಬಾಗಿಲಿಂದಲೇ ಅಂದರು, "ಮೂರು ಹೊತ್ತೂ ಬಡಿಸಿದವಳು ನಾನು. ಕದ್ದು ತಿನ್ನೋ ವಯಸ್ಸೇನಪ್ಪ ಇವರದ್ದು?"

ದರ್ಜಿಯಣ್ಣ ಒಂದು ಗಳಿಗೆ ಪ್ಲಾಸ್ಟರನ್ನೇ ನೋಡುತ್ತಿದ್ದರು. ಆಮೇಲೆ, "ಯಾವತ್ತೋ ಒಂದಿನ ಮರೆತು ತಿಂದಿದ್ರೂ ತಿಂದಿರಬಹುದು ಬಿಡು. ನಿಂದೇನೂ ತಪ್ಪಿಲ್ಲ" ಅಂದರು. ಮಾಡದ ತಪ್ಪನ್ನು ಒಪ್ಪಿಕೊಂಡರು. ಇವರು ತಲೆಯಾಡಿಸಿದರು. ನಾನು ಅವರ ಮನೆಯ ಟೀ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಕೆನೆ ಕಟ್ಟಿತು.

ಭಾನುವಾರದ ಓಟ ಗುಡ್ಡದ ದಾರಿಯಲ್ಲಿ. ಮನೆಯವರು ಹಿಂದೆ ಹೋಗುವಂತಿಲ್ಲ, ಅವರವರ ನೀರು ಅವರವರ ಬೆನ್ನ ಮೇಲೆ. ಇವರು ಬಾಯಿಗೆ ಏನೂ ಹಾಕದೆ ಎಂಬತ್ತು ಕಿಲೋಮೀಟರ್ ಓಡುತ್ತೇನೆಂದು ನಂಬಿಕೊಂಡಿದ್ದರು, ಆ ನಂಬಿಕೆ ಹುಟ್ಟಿದ್ದೇ ನನ್ನ ಚಮಚದಿಂದ. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಬರೀ ಮಣಿಕಟ್ಟಿಗೆ ಮುಗಿಯುವುದಿಲ್ಲ ಅನ್ನಿಸಿತು.

ಹಾಗಾಗಿ ಮನೆಗೆ ಬಂದವಳೇ ಹೇಳಿಬಿಟ್ಟೆ. ಪುಡಿಯ ಡಬ್ಬಿ ತಂದು ಮುಂದಿಟ್ಟೆ. ಇವರು ನಕ್ಕುಬಿಟ್ಟರು. "ಕಳ್ಳಿ" ಎಂದು ಕಿವಿ ಹಿಂಡಿದರು. ಎಲ್ಲ ಸರಿಹೋಯಿತು. ನೀನು ಗಾಬರಿಯಾಗಿ ರಜೆ ಹಾಕಿಕೊಂಡು ಬರಬೇಡ. ಡಾಕ್ಟರ ಕಾರು ಬಂತು, ಮುಗಿಸುತ್ತೇನೆ.

ಭಾವನಿಗೆ ಕೇಳಿದೆನೆಂದು ಹೇಳು. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು.

ನಿನ್ನ
ಬಾಯಿಬಡುಕಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ನಕ್ಕರು ಎಂದದ್ದು ಸುಳ್ಳು. ಡಬ್ಬಿಯ ಮೇಲಿನ ಅಕ್ಷರಗಳನ್ನು ಎರಡು ಸಲ ಓದಿದರು. ಆಮೇಲೆ ಒಂದೇ ಪ್ರಶ್ನೆ: "ಹಾಗಾದ್ರೆ ಯಾವ ಭಾನುವಾರ ನಂದು?" ಗೋಡೌನಿನ ಹತ್ತಿರ ಅತ್ತ ಭಾನುವಾರ ಒಂದೇ ಅಂತ ನನ್ನ ಬಾಯಿಂದ ಹೊರಡಲಿಲ್ಲ. ಅವರಿಗೇ ಅರ್ಥವಾಯಿತು. ಎದ್ದು ದರ್ಜಿಯಣ್ಣನ ಮನೆಗೆ ಹೋದರು. ಬಂದ ಮೇಲೆ ಅಲ್ಲಿ ಏನಾಯಿತೆಂದು ಹೇಳಲಿಲ್ಲ. ಮೂರು ದಿನದಿಂದ ಏನೂ ಹೇಳುತ್ತಿಲ್ಲ. ಓಟಕ್ಕೆ ಹೋಗಿಯೇ ಹೋಗುತ್ತಾರೆ. ಚೀಲ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಾರೆ, ಅದರಲ್ಲಿ ತಿನ್ನುವ ಪದಾರ್ಥ ಒಂದೂ ಇಲ್ಲ. ಇದನ್ನು ಇವತ್ತಿನ ಕೊರಿಯರಿಗೇ ಕೊಡುತ್ತೇನೆ, ನಾಳೆ ನಿನ್ನ ಕೈ ಸೇರುತ್ತದೆ. ಬರಬೇಡ ಎಂದದ್ದನ್ನು ಓದಬೇಡ ಅಕ್ಕ, ಶನಿವಾರದೊಳಗೆ ಬಾ. ನನ್ನ ಮಾತು ಅಲ್ಲ, ನರ್ಸಿನ ಮಾತಾದರೂ ಕೇಳಿಯಾರು. ನಾನು ಮುಟ್ಟಿದ್ದು ಯಾವುದನ್ನೂ ಈಗ ಅವರು ಬಾಯಿಗೆ ಹಾಕುವುದಿಲ್ಲ. ಹೊತ್ತಿಗೆ ಎರಡು ಮೊಟ್ಟೆ ತಾವೇ ಬೇಯಿಸಿಕೊಳ್ಳುತ್ತಾರೆ. ಸಿಪ್ಪೆ ಎಲ್ಲಾದರೂ ಒಡೆದಿದೆಯಾ ಎಂದು ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿ, ಆಮೇಲೆ ಸುಲಿಯುತ್ತಾರೆ.