ಹನ್ನೊಂದನೇ ಆರೋಗ್ಯವಂತೆ

ಬುಧವಾರ, ಸಂಜೆ ನಾಲ್ಕೂವರೆ
ಶಾಲೆಯ ಸ್ಟಾಫ್ ರೂಮು

ನನ್ನ ತರಲೆ ಮಗಳೇ,

ಫೋನು ಎತ್ತದಿದ್ದರೆ ಅಮ್ಮ ಸುಮ್ಮನಾಗುತ್ತಾಳೆ ಎಂದುಕೊಂಡೆಯಾ? ಭಾನುವಾರದಿಂದ ಎಷ್ಟು ಸಲ ಮಾಡಿದೆನೋ ನನಗೇ ಗೊತ್ತಿಲ್ಲ. ಮೊದಲೆರಡು ದಿನ ರಿಂಗಾದರೂ ಆಗುತ್ತಿತ್ತು, ಈಗ ಅದೂ ಇಲ್ಲ. ನಮ್ಮ ಡ್ರಾಯಿಂಗ್ ಮೇಷ್ಟ್ರು ನಾಳೆ ಮೊದಲ ಬಸ್ಸಿಗೆ ನೀನಿರುವ ಊರಿಗೆ ಬರುತ್ತಿದ್ದಾರೆ. ಈ ಪತ್ರವನ್ನು ನಿನ್ನ ಲ್ಯಾಬಿಗೇ ಬಂದು ನಿನ್ನ ಕೈಗೇ ಕೊಡಬೇಕೆಂದು ಅವರಿಂದ ಮಾತು ತೆಗೆದುಕೊಂಡಿದ್ದೇನೆ. ಮುಂದೆ ಓದುವ ಮೊದಲು ಇದೊಂದು ಕೇಳು. ಶುಕ್ರವಾರ ಸಮಿತಿಯವರ ಮುಂದೆ ಸ್ಕಾಲರ್‌ಶಿಪ್ ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಬೇಡ. ಕೈಮುಗಿದು ಕೇಳುತ್ತೇನೆ, ಹಾಕಬೇಡ.

ಭಾನುವಾರ ನೀನು ಅತ್ತದ್ದು ಇನ್ನೂ ನನ್ನ ಕಿವಿಯಲ್ಲೇ ಇದೆ. ಎರಡು ವರ್ಷ ಮಣ್ಣುಪಾಲಾಯಿತು ಎಂದೆ. ಬರೆಯುವ ಕೈಯ ಚಲನೆ ನೋಡಿ ನಡುಕದ ಕಾಯಿಲೆಯನ್ನು ಮೊದಲೇ ಪತ್ತೆ ಮಾಡುವ ನಿನ್ನ ಪೆನ್ನು, ಇಪ್ಪತ್ತು ರೋಗಿಗಳನ್ನೂ ಹತ್ತೊಂಬತ್ತು ಆರೋಗ್ಯವಂತರನ್ನೂ ಸರಿಯಾಗಿ ಗುರುತಿಸಿತು. ಆರೋಗ್ಯವಂತರ ಪಟ್ಟಿಯ ಹನ್ನೊಂದನೆಯವರನ್ನು ಮಾತ್ರ ಮೂರು ಸಲವೂ ರೋಗಿ ಎಂದಿತು. ಅವರೊಬ್ಬರನ್ನು ಸರಿಪಡಿಸಲು ಪೆನ್ನಿನ ಅಳತೆ ಸಡಿಲ ಮಾಡಿದರೆ ನಿಜವಾದ ರೋಗಿಗಳಲ್ಲಿ ಐದು ಜನ ಆರೋಗ್ಯವಂತರಾಗಿ ಕೂತರು. ನಿನ್ನ ಗೈಡು, "ಒಂದು ತಪ್ಪಾದ್ರೆ ಪರವಾಗಿಲ್ಲಮ್ಮ, ಅದು ಯಾಕಾಯ್ತು ಅಂತ ಹೇಳೋಕಾಗ್ದೆ ಇದ್ರೆ ಮೂರನೇ ವರ್ಷದ ಸ್ಕಾಲರ್‌ಶಿಪ್ ಕೇಳೋಕೆ ನನಗೆ ಮುಖ ಇಲ್ಲ" ಎಂದರಂತೆ. ಐದು ತಿಂಗಳಿಂದ ಆ ಪೆನ್ನಿನ ಹೊಟ್ಟೆ ಬಿಚ್ಚಿ, ಮತ್ತೆ ಮುಚ್ಚಿ, ಎಲ್ಲಿಯೂ ದೋಷ ಸಿಗದೆ ನೀನು ಸೋತುಹೋಗಿದ್ದೀಯ.

ಆ ಹನ್ನೊಂದನೆಯವಳು ನಾನೇ ಅಲ್ಲವೇ? ನೀನು ಅಷ್ಟು ಅತ್ತರೂ ನಾನು ಹೇಳಿದ್ದು "ಊಟ ಮಾಡಿ ಮಲಗು" ಎಂದಷ್ಟೆ. ಈಗ ಹೇಳುತ್ತೇನೆ. ನಿನ್ನ ಪೆನ್ನಿನಲ್ಲಿ ದೋಷವಿಲ್ಲ. ದೋಷ ನನ್ನಲ್ಲಿದೆ. ನನಗೆ ಆ ಕಾಯಿಲೆ ಇದೆ.

ಓದಿದ ಕೂಡಲೇ ಚೀಲ ತುಂಬಿಕೊಂಡು ಇಲ್ಲಿಗೆ ಓಡಿ ಬರಬೇಡ. ಕೂತು ಪೂರ್ತಿ ಓದು.

ಹೋದ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದರೆ ಹಿಂದಿನ ಬೆಂಚಿನವರು "ಮಿಸ್, ಕಾಣ್ತಿಲ್ಲ" ಎನ್ನತೊಡಗಿದರು. ಕಣ್ಣು ತೋರಿಸಿಕೊಳ್ಳಿ ಎಂದು ಅವರನ್ನೇ ಗದರಿದೆ. ಆಮೇಲೆ ಒಂದು ದಿನ ತರಗತಿಯ ಹಿಂದೆ ಹೋಗಿ ನಿಂತು ನೋಡಿದೆ. ಸಾಲಿನ ಮೊದಲ ಪದ ಬೆರಳುದ್ದ ಇದೆ, ಕೊನೆಯ ಪದ ಸಾಸಿವೆಯಷ್ಟು. ಮೂವತ್ತೊಂದು ವರ್ಷ ಮಕ್ಕಳಿಗೆ ದುಂಡಕ್ಷರ ತಿದ್ದಿಸಿದವಳು ನಾನು. ಅವಮಾನದಿಂದ ಸೆರಗಿನಲ್ಲೇ ಬೋರ್ಡು ಒರೆಸಿದೆ. ಡಾಕ್ಟರ ಹತ್ತಿರ ಹೋದಾಗ ಅವರು, "ಇದನ್ನ ಎಲ್ರೂ ನಡುಕದ ಕಾಯಿಲೆ ಅಂತಾರೆ. ಆದ್ರೆ ಕೆಲವರಿಗೆ ನಡುಕ ಇರೋದೇ ಇಲ್ಲ, ಕೈ ಬಿಗಿಯುತ್ತೆ, ಅಕ್ಷರ ಸಣ್ಣಗಾಗುತ್ತೆ" ಎಂದು ಚೀಟಿ ಬರೆದುಕೊಟ್ಟರು.

ಮಾರನೆಯ ದಿನವೇ ನಿನ್ನ ಹತ್ತಿರ ಬಂದೆ. ನೆನಪಿದೆಯಾ, ಹೇಳದೆ ಕೇಳದೆ ಲ್ಯಾಬಿಗೆ ಬಂದಿದ್ದೆನಲ್ಲ? ಈ ಕಾಯಿಲೆಯನ್ನೇ ಓದುತ್ತಿರುವ ಮಗಳು, "ಸುಮ್ನಿರಮ್ಮ, ಆ ಡಾಕ್ಟ್ರಿಗೇನು ಗೊತ್ತು" ಎಂದುಬಿಟ್ಟರೆ ಸಾಕು ಎಂದು ಬಸ್ಸಿನುದ್ದಕ್ಕೂ ಯೋಚಿಸುತ್ತಿದ್ದೆ. ಬಂದು ನೋಡಿದರೆ ನೀನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಪೆನ್ನಿನ ಪರೀಕ್ಷೆಗೆ ಬರಬೇಕಾಗಿದ್ದ ಒಬ್ಬರು ಬಂದಿರಲಿಲ್ಲ. ಆರೋಗ್ಯವಂತರಲ್ಲಿ ಒಬ್ಬರು ಕಡಿಮೆ. ನನ್ನನ್ನು ನೋಡಿದ್ದೇ ನಿನ್ನ ಮುಖ ಅರಳಿತು. "ಅಮ್ಮಾ, ದೇವರು ಕಳಿಸಿದ ಹಾಗೆ ಬಂದೆ, ಕೂತ್ಕೋ" ಎಂದು ಕುರ್ಚಿ ಎಳೆದೆ. ಡಾಕ್ಟರ ಚೀಟಿ ನನ್ನ ತೊಡೆಯ ಮೇಲಿನ ಚೀಲದಲ್ಲೇ ಇತ್ತು. ಆ ಮುಖವನ್ನು ನೋಡಿಕೊಂಡು ಯಾವ ತಾಯಿ ಬಾಯಿ ಬಿಡುತ್ತಾಳೆ ಹೇಳು.

ನಿನ್ನ ಫಾರಮ್ಮಿನಲ್ಲಿ ಮೂರೇ ಪ್ರಶ್ನೆಗಳಿದ್ದವು. ಕಣ್ಣು ಚೆನ್ನಾಗಿ ಕಾಣುತ್ತದೆಯೇ? ಕೈ ಮೂಳೆ ಮುರಿದಿತ್ತೇ? ಕೈ ನಡುಗುತ್ತದೆಯೇ? ಮೂರನೆಯದಕ್ಕೆ ನಾನು "ಇಲ್ಲ" ಎಂದು ಬರೆದೆ. ಬರೆದದ್ದು ನಿಜವೇ ತಾನೇ, ನನ್ನ ಕೈ ನಡುಗುವುದಿಲ್ಲ, ಬಿಗಿಯುತ್ತದೆ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ನೀನು ನಡುಕವೊಂದನ್ನೇ ಕೇಳಿದ್ದು ನಿನ್ನ ತಪ್ಪು, ಮುಂದಿನ ಫಾರಮ್ಮಿನಲ್ಲಿ ತಿದ್ದಿಕೋ. ಆದರೆ ಆ ಒಂದು ಪದದ ಹಿಂದೆ ಅವಿತುಕೊಂಡದ್ದು ನನ್ನ ತಪ್ಪು. ಅದು ಸುಳ್ಳೇ.

ನಾನು ಬರೆದಾದ ಮೇಲೆ ನೀನು ಪರದೆ ನೋಡಿ ನಕ್ಕೆ. "ನೋಡಮ್ಮಾ, ಈ ಪೆದ್ದು ಪೆನ್ನು ನಿನಗೇ ಕಾಯಿಲೆ ಅಂತಿದೆ!" ನಾನೂ ನಕ್ಕೆ. ಅಕ್ಷರ ಯಾಕಮ್ಮ ಇಷ್ಟು ಸಣ್ಣ ಎಂದು ಕೇಳಿದ್ದಕ್ಕೆ, ಮಕ್ಕಳ ಪುಸ್ತಕದ ಅಂಚಿನಲ್ಲಿ ಷರಾ ಬರೆದೂ ಬರೆದೂ ಹೀಗಾಗಿದೆ ಎಂದೆ. ನೀನು ನಂಬಿದೆ. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ, ಅಮ್ಮನನ್ನು ಕೇಳಲಿಲ್ಲ. ನಿನ್ನ ಆ ನಂಬಿಕೆಯೇ ಐದು ತಿಂಗಳು ನಿನ್ನನ್ನು ಅರೆದು ಹಾಕಿದೆ. ನೀನು ಪೆನ್ನು ಬಿಚ್ಚುತ್ತಿದ್ದೇನೆ ಎಂದಾಗಲೆಲ್ಲ ಈ ವಾರ ಹೇಳುತ್ತೇನೆ, ಮುಂದಿನ ವಾರ ಹೇಳುತ್ತೇನೆ ಎಂದು ದಿನ ತಳ್ಳಿದೆ. ಹೇಳಿದರೆ ಓದು ಬಿಟ್ಟು ನನ್ನ ಸೇವೆಗೆ ಬಂದು ನಿಲ್ಲುತ್ತೀಯೆಂದು ಹೆದರಿದೆ. ಹೇಳದೆಯೂ ಓದು ಬಿಡುವ ಹಂತಕ್ಕೇ ನಿನ್ನನ್ನು ತಂದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಬೈಯಿ, ಎಷ್ಟು ಬೇಕಾದರೂ ಬೈಯಿ. ಆದರೆ ಆ ಸಹಿ ಮಾತ್ರ ಬೇಡ.

ಈ ಪತ್ರದ ಜೊತೆ ಡಾಕ್ಟರ ಚೀಟಿ ಇಟ್ಟಿದ್ದೇನೆ. ತಾರೀಕು ನೋಡು, ನಾನು ಆ ಕುರ್ಚಿಯಲ್ಲಿ ಕೂತದ್ದಕ್ಕಿಂತ ಒಂದು ದಿನ ಹಿಂದಿನದು. ಎರಡನ್ನೂ ಸಮಿತಿಯವರ ಮುಂದಿಡು. ಅಮ್ಮ ಮುಚ್ಚಿಟ್ಟಿದ್ದಳು, ಪೆನ್ನು ಹಿಡಿಯಿತು ಎನ್ನು. ನಾಚಿಕೆಪಡಬೇಡ. ನನ್ನನ್ನು ಕರೆಸಿ ಕೇಳುತ್ತೇವೆ ಎಂದರೆ ಬರುತ್ತೇನೆ. ಅವರು ಕೊಟ್ಟ ಪೆನ್ನಿನಲ್ಲಿ, ಅವರ ಕಣ್ಣೆದುರಿಗೇ ಬರೆಯುತ್ತೇನೆ. ಹನ್ನೊಂದನೇ ಹೆಸರನ್ನು ಆ ಪಟ್ಟಿಯಿಂದ ಹೊಡೆದುಹಾಕಿ ರೋಗಿಗಳ ಪಟ್ಟಿಯ ಕೊನೆಗೆ ಸೇರಿಸು. ನನಗೆ ಬೇಸರವಿಲ್ಲ. ಇಲ್ಲ, ಬೇಸರವಿದೆ, ಭಯವೂ ಇದೆ. ಆದರೂ ಸೇರಿಸು.

ಗೆರೆ ಹಾಳೆಯ ಮೇಲೆಯೇ ಬರೆಯಲು ಕೂತೆ, ಹದ್ದುಬಸ್ತಿನಲ್ಲಿರಲಿ ಎಂದು. ಮೊದಲ ಪುಟದಲ್ಲಿ ಅಕ್ಷರ ಗೆರೆಯಿಂದ ಗೆರೆಗೆ ಮುಟ್ಟಿದೆ. ಇಲ್ಲಿ ನೋಡು, ಇರುವೆ ಸಾಲು. ಇದನ್ನು ಓದಲು ನಿನಗೆ ಕಷ್ಟವಾಗುತ್ತಿದ್ದರೆ ಅದೂ ನಿನ್ನ ಕಡೆಯ ಸಾಕ್ಷಿ ಎಂದುಕೋ. ಮೇಷ್ಟ್ರು ಆಗಲೇ ಎರಡು ಸಲ ಬಾಗಿಲಲ್ಲಿ ಬಂದು ನಿಂತು ಹೋದರು. ಫೋನು ಆನ್ ಮಾಡು ಮಗಳೇ.

ನಿನಗೆ ಮೋಸ ಮಾಡಿದ, ಆದರೂ ನಿನ್ನವಳೇ ಆದ
ಅಮ್ಮ

ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಬಿಟ್ಟದ್ದು: ಅವತ್ತು ಮೂರನೇ ಸಲ ಬರೆಯಿಸಿದೆಯಲ್ಲ, ಆಗ ನಾನು ಬೇಕೆಂದೇ ಆಟ ಹೂಡಿದ್ದೆ. ಒಂದನೇ ಕ್ಲಾಸಿನವರಿಗೆ ತಿದ್ದಿಸುವ ಹಾಗೆ ಒಂದೊಂದು ಅಕ್ಷರವನ್ನೂ ಉಸಿರು ಬಿಗಿಹಿಡಿದು ದೊಡ್ಡದಾಗಿ ಬರೆದೆ. ನಿನಗೆ ಗೊತ್ತಾಗಲಿಲ್ಲ, ಪೆನ್ನಿಗೆ ಗೊತ್ತಾಯಿತು. ಇದನ್ನು ಸಮಿತಿಗೆ ಹೇಳು. ಇನ್ನೊಂದು ನಿನಗೆ ಮಾತ್ರ, ಈ ಕೊನೆಯ ಹಾಳೆಯನ್ನು ಅವರಿಗೆ ತೋರಿಸಬೇಡ. ಡಾಕ್ಟರ ಮಾತನ್ನು ನಾನು ನಂಬಿರಲಿಲ್ಲ, ಅವರು ಬರೆದುಕೊಟ್ಟ ಮಾತ್ರೆ ಕೊಂಡಿರಲೂ ಇಲ್ಲ. ಅವತ್ತು ವಾಪಸು ಬರುವಾಗ ಬಸ್ ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಯಲ್ಲಿ ಕೊಂಡು, ಅಲ್ಲೇ ನೀರು ಕೇಳಿ ಮೊದಲನೆಯದನ್ನು ನುಂಗಿದೆ. ನನ್ನ ಮಗಳು ಮಾಡಿದ ಪೆನ್ನು ಮೂರು ಸಲ ಹೇಳಿದ ಮೇಲೆ ಇನ್ನು ಯಾರನ್ನು ಕೇಳಲಿ?